ಶ್ರಮಿಕನ ಕಿವುಡು, ಧಣಿಗಳ ಜಾಣ ಕಿವುಡು

ನಮ್ಮ ಕಡೆ ಕಿವುಡು ಎಂದರೆ ನಗೆಯ ಸರಕು. ಕಂಪನಿ ನಾಟಕಗಳ ಕಾಲದಿಂದ ಇಂದಿನ ಸಿನಿಮಾದವರೆಗೆ ಕಿವುಡನ ಪಾತ್ರ ಬಂತೆಂದರೆ ಜನ ನಗಲೇಬೇಕೆಂಬುದು ಕಟ್ಟಳೆ. ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದ ಮನುಷ್ಯ ಮನೆಯಲ್ಲಿ ಒಂದು ಮಾತಿಗೆ ಮೂರು ಸಲ ‘ಆಂ?’ ಎಂದರೆ ಮಕ್ಕಳು ಮುಸಿಮುಸಿ ನಗುತ್ತಾರೆ. ನೆರೆಯವರು ‘ವಯಸ್ಸಾತು ಬಿಡಪ್ಪ’ ಎಂದು ಸಮಾಧಾನ ಹೇಳುತ್ತಾರೆ. ವಯಸ್ಸೆಷ್ಟು? ನಲವತ್ತೈದು! ಅದೇ ವಯಸ್ಸಿನ ಧಣಿಗೆ ಪಕ್ಕದ ಕೋಣೆಯಲ್ಲಿ ನೋಟು ಎಣಿಸುವ ಸಪ್ಪಳ ಕೂಡ ಕೇಳಿಸುತ್ತದೆ. ವಯಸ್ಸು ಒಬ್ಬನ ಕಿವಿಯನ್ನು ತಿಂದು ಇನ್ನೊಬ್ಬನ ಕಿವಿಯನ್ನು ಬಿಡುವುದಾದರೆ ಅದು ವಯಸ್ಸಿನ ಕೆಲಸವಲ್ಲ, ಬೇರೇನೋ ಇರಬೇಕು.

ಆ ಬೇರೇನೋ ಏನೆಂಬುದನ್ನು ಹೊಸಪೇಟೆ, ಸಂಡೂರು, ಕಂಪ್ಲಿಗಳ ದುಡಿಯುವ ಜನಕ್ಕೆ ಬಿಡಿಸಿ ಹೇಳಬೇಕಾಗಿದೆ. ಗದ್ದಲದಿಂದ ಬರುವ ಕಿವುಡು ಹಣೆಬರಹವಲ್ಲ; ಕಾಯಿದೆಯೇ ಅದನ್ನು ಉದ್ಯೋಗದಿಂದ ಬರುವ ರೋಗವೆಂದು ಒಪ್ಪಿದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಯಾವ ಗದ್ದಲ ಕಿವಿಯನ್ನು ಕೆಡಿಸುತ್ತದೆಯೋ ಅದೇ ಗದ್ದಲ ಹೃದಯವನ್ನೂ ಮುಟ್ಟುತ್ತದೆ. ಹೃದಯ, ರಕ್ತನಾಳಗಳು ಕೆಡುತ್ತಿರುವ ಸುದ್ದಿಯನ್ನು ಕೆಲವೊಮ್ಮೆ ಎದೆಗಿಂತ ಮೊದಲು ಕಿವಿಯೇ ಹೇಳುತ್ತದೆ. ಈ ಸುದ್ದಿಯನ್ನು ಮಜೂರನಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ಜಾಣ ಕಿವುಡರಾಗಿ ಕುಳಿತಿದ್ದಾರೆ.

ಕಿವಿಯ ಒಳಗಿನ ರಚನೆ ತಿಳಿದರೆ ಈ ಸಂಬಂಧ ತಾನಾಗಿ ಅರ್ಥವಾಗುತ್ತದೆ. ತಮಟೆಯ ಚರ್ಮದಂಥ ಪರದೆಯ ಆಚೆ, ಎಲುಬಿನೊಳಗೆ ಹುದುಗಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಸಣ್ಣ ಅಂಗವಿದೆ. ಅದರೊಳಗೆ ಕೂದಲಿನಂಥ ಎಳೆಗಳುಳ್ಳ ಸುಮಾರು 15,000 ಜೀವಕೋಶಗಳಿವೆ. ಶಬ್ದದ ಅಲೆಗೆ ಅವು ತೊನೆದಾಡಿ ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ಹುಟ್ಟುವಾಗ ಎಷ್ಟು ಬಂದವೋ ಅಷ್ಟೇ. ಸತ್ತವು ಮತ್ತೆ ಹುಟ್ಟುವುದಿಲ್ಲ. ಗದ್ದೆಯ ಪೈರನ್ನು ದನ ತುಳಿದರೆ ಒಂದೆರಡು ಸಲ ಅದು ತಲೆಯೆತ್ತಿ ನಿಂತೀತು. ದಿನಾ ಎಂಟು ಗಂಟೆ ತುಳಿದರೆ?

ಈ ಅಂಗಕ್ಕೆ ರಕ್ತ ತರುವುದು ಎಳೆಯಂತೆ ಸಪೂರವಾದ ಒಂದೇ ಒಂದು ನಾಳ. ದೇಹದ ಬೇರೆ ಎಷ್ಟೋ ಭಾಗಗಳಿಗೆ ಎರಡು ಮೂರು ದಾರಿಗಳಿಂದ ರಕ್ತ ಬರುತ್ತದೆ. ಒಂದು ಕಟ್ಟಿದರೆ ಇನ್ನೊಂದು ಇದೆ. ಒಳಗಿವಿಗೆ ಆ ಸೌಕರ್ಯವಿಲ್ಲ. ತುಂಗಭದ್ರಾ ಕಾಲುವೆಯ ಕೊನೇ ಭಾಗದ ರೈತನನ್ನು ಕೇಳಿ ನೋಡಿ: ಮೇಲೆ ಎಲ್ಲೋ ಹೂಳು ತುಂಬಿದರೂ, ಎಲ್ಲೋ ತೂಬು ಕೆಟ್ಟರೂ, ಮೊದಲು ಒಣಗುವ ಗದ್ದೆ ಯಾರದು? ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿಯ ಹೊಗೆ, ಕೊಬ್ಬು ಇವೆಲ್ಲ ಸೇರಿ ಮೈಯ ನಾಳಗಳನ್ನು ಕಿರಿದುಮಾಡಿದಾಗ ಬೇಗ ಬತ್ತುವ ಕೊನೇ ಭಾಗದ ಗದ್ದೆಗಳಲ್ಲಿ ಒಳಗಿವಿಯೂ ಒಂದು. ಎದೆನೋವು ಕಾಣಿಸುವುದು ಆಮೇಲೆ.

ಇದು ಹೃದಯದಿಂದ ಕಿವಿಗೆ ಬರುವ ದಾರಿಯಾಯಿತು. ಕಿವಿಯಿಂದ ಹೃದಯಕ್ಕೆ ಹೋಗುವ ದಾರಿಯೂ ಒಂದಿದೆ. ಜೋರಾದ ಸಪ್ಪಳ ಬಿದ್ದೊಡನೆ ಮೈ ಅದನ್ನು ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಇಳಿಯುತ್ತವೆ, ನಾಳಗಳು ಬಿಗಿಯುತ್ತವೆ, ನಾಡಿ ಏರುತ್ತದೆ, ಒತ್ತಡ ಹೆಚ್ಚುತ್ತದೆ. ಹುಲಿ ಕಂಡಾಗ ಓಡಲು ಪ್ರಕೃತಿ ಕೊಟ್ಟ ವ್ಯವಸ್ಥೆ ಇದು. ಆದರೆ ಕ್ರಷರಿನ ಮುಂದೆ ನಿಂತವನು ಓಡುವಂತಿಲ್ಲ. ಹುಲಿ ಎಂಟು ಗಂಟೆ ಎದುರಿಗೇ ಗರ್ಜಿಸುತ್ತದೆ, ಇವನು ನಿಂತೇ ಇರಬೇಕು. ‘ನಮಗೆ ರೂಢಿಯಾಗಿದೆ ಬಿಡ್ರಿ’ ಎಂದು ಗೆಳೆಯರು ಹೇಳುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ರೂಢಿಯಾಗುವುದು ಮನಸ್ಸಿಗೆ, ರಕ್ತನಾಳಕ್ಕೆ ಅಲ್ಲ. ಮಲಗಿದವನ ಮನೆಯ ಮುಂದೆ ರಾತ್ರಿ ಲಾರಿ ಹೋದರೆ ಅವನಿಗೆ ಎಚ್ಚರವಾಗದಿದ್ದರೂ ನಾಡಿ ಏರಿ ಇಳಿಯುತ್ತದೆ ಎಂಬುದನ್ನು ಯಂತ್ರಗಳು ಅಳೆದು ತೋರಿಸಿವೆ.

ಇದೇನು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯೂ ಅಲ್ಲ. ವೆನಿಸ್ ಪಟ್ಟಣದಲ್ಲಿ ದಿನವೆಲ್ಲ ತಾಮ್ರ ಕುಟ್ಟುವ ಕುಶಲಕರ್ಮಿಗಳು ಕಿವುಡರಾಗುತ್ತಾರೆಂದು ಇಟಲಿಯ ವೈದ್ಯ ರಾಮಾಜಿನಿ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟ. 1960ರ ಸುಮಾರಿಗೆ ನ್ಯೂಯಾರ್ಕಿನ ಕಿವಿ ವೈದ್ಯ ಸ್ಯಾಮ್ಯುಯೆಲ್ ರೋಸೆನ್ ಸೂಡಾನಿನ ಮಬಾನ್ ಎಂಬ ಬುಡಕಟ್ಟಿನವರ ನಡುವೆ ಹೋಗಿ ಪರೀಕ್ಷೆ ನಡೆಸಿದರು. (ಈ ರೋಸೆನ್ ದಂಪತಿಗಳು ಕರಿಯರ ಹಕ್ಕಿಗಾಗಿ ಹಾಡಿ ಹೋರಾಡಿದ ಪಾಲ್ ರೋಬ್ಸನ್‌ರ ಆಪ್ತ ಗೆಳೆಯರು, ನಮ್ಮ ಓದುಗರಿಗೆ ತಿಳಿದಿರಲಿ.) ಅಲ್ಲಿ ಯಂತ್ರವಿಲ್ಲ, ಮೋಟಾರಿಲ್ಲ. ಮುದುಕರಾದವರ ಕಿವಿಯೂ ಚುರುಕಾಗಿತ್ತು. ಅಷ್ಟೇ ಅಲ್ಲ, ಅವರ ರಕ್ತದೊತ್ತಡ ಯೌವನದಲ್ಲಿ ಇದ್ದಷ್ಟೇ ಮುಪ್ಪಿನಲ್ಲೂ ಇತ್ತು, ಹೃದಯರೋಗ ಕಾಣಸಿಗಲಿಲ್ಲ. 1962ರಲ್ಲಿ ಪ್ರಕಟವಾದ ಈ ವರದಿಯನ್ನು ಕಂಡು, ವಯಸ್ಸಾದರೆ ಕಿವಿ ಹೋಗಲೇಬೇಕು ಎನ್ನುತ್ತಿದ್ದ ಪಂಡಿತರು ತಬ್ಬಿಬ್ಬಾದರು. ಮಬಾನ್ ಜನರ ಊಟ, ನಿಧಾನದ ಬದುಕು ಇವೂ ಕಾರಣವಿರಬಹುದೆಂದು ರೋಸೆನ್ ಅನುಮಾನಿಸಿದರು. ಅದಕ್ಕೇ ಮುಂದೆ ಫಿನ್‌ಲೆಂಡಿನ ಎರಡು ಮಾನಸಿಕ ಆಸ್ಪತ್ರೆಗಳಲ್ಲಿ, ಒಂದರಲ್ಲಿ ಪ್ರಾಣಿಜನ್ಯ ಕೊಬ್ಬಿನ ಬದಲು ಸಸ್ಯದ ಎಣ್ಣೆ ಕೊಟ್ಟು ನಡೆಸುತ್ತಿದ್ದ ಹೃದಯದ ಪ್ರಯೋಗಕ್ಕೆ ಅವರು ಕಿವಿಯ ಪರೀಕ್ಷೆಯನ್ನೂ ಸೇರಿಸಿದರು. ಹೃದಯ ಯಾವ ಕಡೆ ನೆಟ್ಟಗಿತ್ತೋ ಕಿವಿಯೂ ಆ ಕಡೆಯೇ ನೆಟ್ಟಗಿತ್ತು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಮಂದಿಯ ಹೃದಯದ ಲೆಕ್ಕ ಬರೆದಿಡುತ್ತಾ ಬಂದರು. ಅವರಲ್ಲಿ ಮುಪ್ಪಿಗೆ ಬಂದವರ ಕಿವಿಯನ್ನು ಪರೀಕ್ಷಿಸಿ 1993ರಲ್ಲಿ ವರದಿ ಬಂದಿತು. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಆದವರಲ್ಲಿ ಕಿವಿಮಂದ ಹೆಚ್ಚು. ಅದರಲ್ಲೂ ತಗ್ಗು ಸ್ವರಗಳು ಕೇಳಿಸದಿರುವುದಕ್ಕೂ ರಕ್ತನಾಳದ ರೋಗಕ್ಕೂ ನಂಟು ಇದೆ. ಹೆಂಗಸರಲ್ಲಿ ಈ ನಂಟು ಇನ್ನೂ ಗಟ್ಟಿ. ಒಂದೇ ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋದವರಿಗೆ ಮುಂದಿನ ಐದು ವರ್ಷಗಳಲ್ಲಿ ಪಾರ್ಶ್ವವಾಯು ಬಡಿಯುವ ಸಂಭವ ಇತರರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚೆಂದು 2008ರಲ್ಲಿ ತೈವಾನಿನ ವೈದ್ಯರು ಬರೆದರು. ರಸ್ತೆಯ ಗದ್ದಲ 53 ಡೆಸಿಬೆಲ್ ದಾಟಿದ ಮೇಲೆ ಪ್ರತಿ 10 ಡೆಸಿಬೆಲ್ಲಿಗೆ ಹೃದಯದ ರಕ್ತನಾಳದ ರೋಗ ನೂರಕ್ಕೆ ಎಂಟರಂತೆ ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯೂರೋಪಿನ ಸರಕಾರಗಳಿಗೆ ತಿಳಿಸಿತು. ಯೂರೋಪಿನವರ ಎದೆಗೆ ಒಂದು ಅಳತೆ, ಸಂಡೂರಿನವರ ಎದೆಗೆ ಇನ್ನೊಂದು ಅಳತೆ ಎಂದು ಎಲ್ಲಿಯೂ ಬರೆದಿಲ್ಲ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇವೆ. ಕಿವಿ ಮಂದವಾದವರಿಗೆಲ್ಲ ಹೃದಯರೋಗವಿದೆಯೆಂದು ಹೆದರಿಸಲು ನಾವು ಹೊರಟಿಲ್ಲ. ಕಿವುಡು ಹೃದಯಾಘಾತವನ್ನು ತರುವುದಿಲ್ಲ. ಕಿವಿಯಲ್ಲಿ ಗುಗ್ಗೆ ಕಟ್ಟಿದರೂ ಕೇಳಿಸುವುದಿಲ್ಲ, ಸೋರುವ ಕಿವಿಯೂ ಮಂದವಾಗುತ್ತದೆ. ನಾವು ಹೇಳುವುದು ಇಷ್ಟೇ: ಎರಡು ರೋಗಗಳ ಬೇರುಗಳು ಒಂದೇ ನೆಲದಲ್ಲಿವೆ. ಆದುದರಿಂದ ಕಿವಿ ಕೆಟ್ಟವನ ಎದೆಯನ್ನೂ, ಒತ್ತಡವನ್ನೂ ನೋಡದೆ ಮನೆಗೆ ಕಳಿಸುವುದು ಅರ್ಧ ವೈದ್ಯ. ಹಣವಂತನಾದರೆ ವೈದ್ಯರು ಎಲ್ಲವನ್ನೂ ನೋಡಿಯಾರು. ಬಡವನಿಗೆ ಸಿಗುವುದು ಎರಡು ಹನಿ ಔಷಧಿ, ಇಲ್ಲವೇ ‘ಮಿಷನ್ ಹಾಕಿಸ್ಕೋ’ ಎಂಬ ಉಪದೇಶ.

ಈಗ ನಮ್ಮ ಊರುಗಳಿಗೆ ಬರೋಣ. ಸಂಡೂರಿನ ಬೆಟ್ಟಗಳಲ್ಲಿ ಬಂಡೆ ಕೊರೆಯುವ ಡ್ರಿಲ್ಲು, ಸಿಡಿತ, ಡಂಪರು, ಕ್ರಷರು, ಜಾಲರಿಯ ಮೇಲೆ ಅದಿರು ಸೋಸುವ ಸ್ಕ್ರೀನಿಂಗ್ ಘಟಕ. ಒಂದರ ಸದ್ದಿಗೆ ಇನ್ನೊಂದು ಪೈಪೋಟಿ. ಬಂಡೆ ಕೊರೆಯುವ ಯಂತ್ರದ ಸದ್ದು 110 ಡೆಸಿಬೆಲ್ ಮುಟ್ಟುವುದು ಅಪರೂಪವಲ್ಲ. ಡೆಸಿಬೆಲ್ ಲೆಕ್ಕ ಅಂಗಡಿಯ ತಕ್ಕಡಿಯ ಲೆಕ್ಕವಲ್ಲ. ಮೂರು ಹೆಚ್ಚಾದರೆ ಕಿವಿಗೆ ಬೀಳುವ ಪೆಟ್ಟು ಎರಡರಷ್ಟಾಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ, 88ರಲ್ಲಿ ನಾಲ್ಕು ಗಂಟೆ, 91ರಲ್ಲಿ ಎರಡೇ ಗಂಟೆ ಎಂದು ಮಿತಿ ಹೇಳಿದೆ. ನಮ್ಮ ದೇಶದ ಕಾರ್ಖಾನೆ ನಿಯಮಗಳು ದಶಕಗಟ್ಟಲೆ 90 ಡೆಸಿಬೆಲ್ಲಿಗೆ ಎಂಟು ಗಂಟೆ ಕೊಟ್ಟುಕೊಂಡು ಬಂದಿವೆ. ಭಾರತದ ಮಜೂರನ ಕಿವಿ ತಗಡಿನದೆಂದು ಯಾವ ಮಹಾಶಯ ಪರೀಕ್ಷಿಸಿ ನೋಡಿದನೋ!

ಅಕ್ರಮ ಗಣಿಗಾರಿಕೆಯ ಕಾಲದಲ್ಲಿ ಹಗಲೂ ರಾತ್ರಿ ಲಾರಿಗಳ ಸಾಲು ಹೊಸಪೇಟೆಯ ರಸ್ತೆಗಳನ್ನು ಅರೆದದ್ದನ್ನು ಯಾರೂ ಮರೆತಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮುಂದೆ ಮಿತಿ ಹಾಕಿ ಮತ್ತೆ ತೆರೆಯಿತು. 2022ರಲ್ಲಿ ಆ ಮಿತಿಯನ್ನು ವರ್ಷಕ್ಕೆ 280 ಲಕ್ಷ ಟನ್ನಿನಿಂದ 350 ಲಕ್ಷ ಟನ್ನಿಗೆ ಏರಿಸಲಾಯಿತು. ಅದಿರಿನ ಟನ್ನಿಗೆ ಲೆಕ್ಕ ಉಂಟು, ಕಾಡಿನ ಮರಕ್ಕೆ ಲೆಕ್ಕ ಉಂಟು, ಧೂಳಿಗೂ ಒಂದಿಷ್ಟು ಲೆಕ್ಕ ಉಂಟು. ಎಷ್ಟು ಜನರ ಕಿವಿ ಹೋಯಿತು, ಅವರಲ್ಲಿ ಎಷ್ಟು ಜನರ ಒತ್ತಡ ಏರಿತು ಎಂಬ ಲೆಕ್ಕವನ್ನು ಜನರ ಮುಂದೆ ಇಟ್ಟವರು ಯಾರು?

ಕಂಪ್ಲಿಯ ಗದ್ದಲ ಬೇರೆ ಬಗೆಯದು. ಅಲ್ಲಿ ಸಿಡಿತವಿಲ್ಲ, ಭತ್ತದ ಸುಗ್ಗಿ ಬಂದರೆ ಹಲ್ಲರು, ಪಾಲಿಶ್ ಯಂತ್ರ, ಹೊಟ್ಟು ತೂರುವ ಬ್ಲೋಯರು, ಎಲಿವೇಟರು ಇವುಗಳ ಬಿಡುವಿಲ್ಲದ ಮೊರೆತ. ತಗಡಿನ ಚಾವಣಿ, ಇಟ್ಟಿಗೆ ಗೋಡೆ. ಸದ್ದು ಹೊರಗೆ ಹೋಗದೆ ಒಳಗೇ ಸುತ್ತುತ್ತದೆ. ಸಿಡಿತದ ಸದ್ದಿಗೆ ಮನುಷ್ಯ ಕಿವಿ ಮುಚ್ಚಿಯಾನು. ಈ ಮೊರೆತಕ್ಕೆ ಮುಚ್ಚುವುದಿಲ್ಲ, ಏಕೆಂದರೆ ನೋವಾಗುವುದಿಲ್ಲ. ಪಾಳಿ ಮುಗಿಸಿ ಹೊರಗೆ ಬಂದಾಗ ಕಿವಿಯಲ್ಲಿ ‘ಗುಂಯ್’ ಎನ್ನುತ್ತದೆ, ಬೆಳಗಾಗುವುದರೊಳಗೆ ಸರಿಯಾಗುತ್ತದೆ. ಕೆಲವು ವರ್ಷ ಹೀಗೆ ನಡೆದು, ಒಂದು ದಿನ ಬೆಳಗಾದರೂ ಸರಿಯಾಗುವುದಿಲ್ಲ. ಮೊದಲು ಹೋಗುವುದು ಏರುದನಿಯ ಅಕ್ಷರಗಳು. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ‘ಸಾಲ’ ಎಂದರೆ ‘ಹಾಲು’ ಎಂದು ಕೇಳುತ್ತದೆ. ಇದನ್ನು ಓದುತ್ತಿರುವ ಅಂಗಡಿಕಾರರು ನಗಬಹುದು. ಅಂಗಡಿಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ ಇಟ್ಟವರು ಮಾತ್ರ ನಗಲಾರರು. ಅವರು ತಾವೇ ಮಾಲೀಕರು, ತಾವೇ ಕೂಲಿಗಳು. ಪರಿಹಾರ ಕೇಳಲು ಅವರಿಗೆ ಎದುರಾಳಿಯೂ ಇಲ್ಲ.

ಹೊಸಪೇಟೆಯ ಸಣ್ಣ ವ್ಯಾಪಾರಿಗೆ ಗಿರಣಿಯಿಲ್ಲದಿದ್ದರೂ ರಸ್ತೆ ಇದೆ. ಕಾಯಿದೆಯ ಪ್ರಕಾರ ವ್ಯಾಪಾರದ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬೆಲ್ ಮೀರಕೂಡದು. ಮನೆಗಳಿರುವಲ್ಲಿ 55 ಮತ್ತು 45. 2000ದ ಇಸವಿಯ ನಿಯಮವಿದು. ಗಾಳಿ ಹಾರನ್ನಿನ ಲಾರಿಯೊಂದು ಹಾದುಹೋಗುವಾಗ ಈ ನಿಯಮವನ್ನು ಗಟ್ಟಿಯಾಗಿ ಓದಿ ನೋಡಿ, ಓದಿದವನಿಗೇ ಕೇಳಿಸದು. ಬೆಳಗಿನಿಂದ ರಾತ್ರಿಯವರೆಗೆ ಒಂದೇ ಕಡೆ ಕೂತು, ನಡಿಗೆ ಇಲ್ಲದೆ, ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತಿಂದು, ಸಕ್ಕರೆಯನ್ನೂ ಒತ್ತಡವನ್ನೂ ಒಟ್ಟಿಗೆ ಸಂಪಾದಿಸಿದ ವರ್ತಕ ಬಂಧುಗಳ ಒಳಗಿವಿ ಎರಡು ಕಡೆಯಿಂದಲೂ ಪೆಟ್ಟು ತಿನ್ನುತ್ತಿದೆ.

ಸರಕಾರಕ್ಕೆ ಸದ್ದನ್ನು ಹತೋಟಿಯಲ್ಲಿಡುವುದು ಗೊತ್ತಿಲ್ಲವೆಂದು ತಿಳಿಯಬೇಡಿ. ಹೊಸಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಹಂಪಿಗೆ ಹೋಗಿ ನೋಡಿ. ವಿಜಯ ವಿಠ್ಠಲ ದೇವಾಲಯದ ಸ್ವರ ಹೊಮ್ಮುವ ಕಂಬಗಳನ್ನು ಯಾರೂ ಬಡಿಯಕೂಡದೆಂದು ನಿಷೇಧವಿದೆ. ಅಲ್ಲಿಗೆ ಹೋಗುವ ಮೋಟಾರು ವಾಹನಗಳನ್ನು ದೂರದಲ್ಲೇ ನಿಲ್ಲಿಸಿ, ಬ್ಯಾಟರಿ ಗಾಡಿಯಲ್ಲಿ ಜನರನ್ನು ಕರೆದೊಯ್ಯುತ್ತಾರೆ. ಬಹಳ ಒಳ್ಳೆಯ ಕೆಲಸ. ನಮ್ಮ ಪೂರ್ವಿಕ ಶಿಲ್ಪಿಗಳ ಕೈಚಳಕ ಉಳಿಯಲೇಬೇಕು. ಬಡಿತ ಬಿದ್ದೂ ಬಿದ್ದೂ ಕಲ್ಲು ಕೂಡ ಸವೆಯುತ್ತದೆ ಎಂಬ ತಿಳಿವಳಿಕೆ ಅಲ್ಲಿ ಇದೆ. ಕಲ್ಲಿನ ಕಂಬಕ್ಕೆ ಕೊಟ್ಟ ಆ ರಕ್ಷಣೆಯಲ್ಲಿ ಕಾಲುಭಾಗವನ್ನು, ಆ ಕಲ್ಲನ್ನು ಕಡೆದವರ ಕುಲಬಾಂಧವನಾಗಿ ಇಂದು ಕ್ರಷರಿನಲ್ಲಿ ಕಲ್ಲು ಪುಡಿಮಾಡುತ್ತಿರುವವನ ಕಿವಿಗೆ ಕೊಟ್ಟಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಹೃದಯದ ವಿಷಯದಲ್ಲಿ ನಾಡಿನ ಜನ ಈಚೆಗೆ ಎಷ್ಟು ಗಾಬರಿಪಟ್ಟರೆಂಬುದು ನೆನಪಿರಬಹುದು. 2025ರ ಜೂನ್-ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಲಸಿಕೆಯೇ ಕಾರಣವೆಂದು ಕೆಲವರು ಕೂಗೆಬ್ಬಿಸಿದರು; ತಜ್ಞರು ಅಲ್ಲವೆಂದರು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ವರದಿಮಾಡಬೇಕೆಂದು ಸರಕಾರ ಪ್ರಕಟಿಸಿತು. ಅಷ್ಟು ದಿನಗಳ ಚರ್ಚೆಯಲ್ಲಿ ಎಣ್ಣೆ ಬಂತು, ಉಪ್ಪು ಬಂತು, ಮೊಬೈಲು ಬಂತು, ನಿದ್ದೆ ಬಂತು. ಸತ್ತವನು ಏನು ಕೆಲಸ ಮಾಡುತ್ತಿದ್ದ, ಎಷ್ಟು ಗಂಟೆ ಗದ್ದಲದಲ್ಲಿ ನಿಲ್ಲುತ್ತಿದ್ದ ಎಂಬ ಪ್ರಶ್ನೆಗೆ ಸಿಕ್ಕ ಜಾಗ ಎಷ್ಟು? ಹೃದಯರೋಗ ಶ್ರೀಮಂತರ ಕಾಯಿಲೆ ಎಂಬ ಹಳೆಯ ಸುಳ್ಳು ನಮ್ಮ ವಿದ್ಯಾವಂತರ ತಲೆಯಿಂದ ಇನ್ನೂ ಇಳಿದಿಲ್ಲ.

ಧಣಿಗಳ ವಾದಗಳನ್ನೂ ಕೇಳೋಣ. ‘ಕಿವಿಗೆ ಹತ್ತಿ ಕೊಟ್ಟೀವಿ.’ ಹತ್ತಿ ಗಾಯಕ್ಕೆ ಸರಿ, ಗದ್ದಲಕ್ಕೆ ಅದು ತೋಳವನ್ನು ತಡೆಯಲು ಕಟ್ಟಿದ ಸೀರೆಯ ಪರದೆ. ‘ಕಿವಿಬಿರಡೆ ಕೊಟ್ಟರೂ ಹಾಕುವುದಿಲ್ಲ.’ ಹಾಕಿದರೆ ಮೇಸ್ತ್ರಿಯ ಕೂಗು ಕೇಳಿಸದೆ ಬೈಗುಳ ತಿನ್ನಬೇಕು, ಹಿಂದಕ್ಕೆ ಬರುವ ಟಿಪ್ಪರಿನ ಸದ್ದು ಕೇಳಿಸದೆ ಪ್ರಾಣ ಬಿಡಬೇಕು; ಯಾರು ಹಾಕಿಯಾರು? ಬಿರಡೆ ಕೊನೆಯ ಉಪಾಯ. ಮೊದಲನೆಯದು ಯಂತ್ರದ ಬಾಯಿ ಮುಚ್ಚಿಸುವುದು. ಸವೆದ ಬೇರಿಂಗು ಬದಲಿಸಿ, ಯಂತ್ರದ ಬುಡಕ್ಕೆ ರಬ್ಬರು ಹಾಸಿ, ಬ್ಲೋಯರಿಗೆ ಸೈಲೆನ್ಸರು ಕೂರಿಸಿ, ಕ್ರಷರಿಗೆ ಕವಚ ಕಟ್ಟಿ, ಗದ್ದಲದ ಕೆಲಸವನ್ನು ಒಬ್ಬನಿಗೇ ಎಂಟು ಗಂಟೆ ಹೊರಿಸದೆ ಇಬ್ಬರು ಮೂವರಿಗೆ ಸರದಿಯಲ್ಲಿ ಹಂಚಿ. ಇದಕ್ಕೆ ದುಡ್ಡು ಬೇಕು. ಬಿರಡೆಗೆ ಪುಡಿಗಾಸು ಸಾಕು. ವಾದದ ಒಳಗುಟ್ಟು ಇಷ್ಟೇ. ಇನ್ನೊಂದು ವಾದ: ‘ಬೀಡಿ ಸೇದ್ತಾರೆ, ಕುಡೀತಾರೆ, ಅದಕ್ಕೇ ಎದೆನೋವು.’ ಬೀಡಿ ಕೆಟ್ಟದ್ದು, ನಾವು ಸಾವಿರ ಸಲ ಹೇಳುತ್ತೇವೆ. ಬೀಡಿ ಸೇದುವವನ ಕಿವಿಯನ್ನು ಗದ್ದಲ ಇನ್ನೂ ಬೇಗ ಕೆಡಿಸುತ್ತದೆ ಎಂಬುದೂ ನಿಜ, ಬಿಡುವುದೇ ಲೇಸು. ಆದರೆ ಬೀಡಿಯ ಹೊಗೆಯ ಮರೆಯಲ್ಲಿ ಧಣಿ ತನ್ನ ಕ್ರಷರನ್ನು ಅಡಗಿಸುವುದನ್ನು ನಾವು ಒಪ್ಪುವುದಿಲ್ಲ.

ಕಾಯಿದೆ ಏನು ಹೇಳುತ್ತದೆ? ಗದ್ದಲದಿಂದ ಬಂದ ಕಿವುಡು 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ವರದಿಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಗಣಿ ಕಾಯಿದೆಯಲ್ಲೂ ಅಧಿಸೂಚಿತವಾಗಿತ್ತು. ಪರಿಹಾರದ ಕಾಯಿದೆಯಲ್ಲೂ, ಇ.ಎಸ್.ಐ. ಕಾಯಿದೆಯಲ್ಲೂ ಪರಿಹಾರಕ್ಕೆ ಅರ್ಹವಾದ ರೋಗವೆಂದು ಬರೆದಿತ್ತು. ಕಂಡ ವೈದ್ಯ ವರದಿಮಾಡದಿದ್ದರೆ ಸಾವಿರ ರೂಪಾಯಿವರೆಗೆ ದಂಡ. ಫ್ರೇಮಿಂಗ್‌ಹ್ಯಾಮಿನಲ್ಲಿ ಹೃದಯದ ಲೆಕ್ಕ ಶುರುವಾದದ್ದೂ, ನಮ್ಮಲ್ಲಿ ಇ.ಎಸ್.ಐ. ಕಾಯಿದೆ ಬಂದದ್ದೂ ಒಂದೇ ವರ್ಷ, 1948. ಅಲ್ಲಿ ಮೂರು ತಲೆಮಾರಿನ ಲೆಕ್ಕ ಬೆಳೆಯಿತು. ಇಲ್ಲಿ? ಗದ್ದಲದ ಕಿವುಡಿಗೆ ಈ ವಿಶಾಲ ದೇಶದಲ್ಲಿ ಮೊಟ್ಟಮೊದಲನೆಯ ಪರಿಹಾರ ದೊರೆತದ್ದು 1996ರಲ್ಲಿ ಎಂದು ಔದ್ಯೋಗಿಕ ಆರೋಗ್ಯದ ವೈದ್ಯರೇ ಬರೆದಿದ್ದಾರೆ. ನಲವತ್ತೆಂಟು ವರ್ಷ! ಅಷ್ಟು ವರ್ಷ ದೇಶದ ಗಿರಣಿಗಳೆಲ್ಲ ಮೌನವ್ರತದಲ್ಲಿದ್ದವೆಂದು ನಂಬಬೇಕೆ?

2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳು ಹೋಗಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೊಸ ಸಂಹಿತೆಯ ಅನುಸೂಚಿಯಲ್ಲೂ ಗದ್ದಲದ ಕಿವುಡು ಉಳಿದಿದೆ. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಮಾತೂ ಇದೆ. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡದ್ದನ್ನು ನೋಡಿ. ಮೊದಲು ವಿದ್ಯುತ್ತಿನಿಂದ ನಡೆಯುವಲ್ಲಿ ಹತ್ತು ಜನ ದುಡಿದರೆ ಅದು ‘ಕಾರ್ಖಾನೆ’. ಈಗ ಇಪ್ಪತ್ತು ಜನ ಬೇಕು. ಹದಿನೈದು ಆಳುಗಳ ಅಕ್ಕಿ ಗಿರಣಿ ರಾತ್ರಿ ಬೆಳಗಾಗುವುದರೊಳಗೆ ಕಾರ್ಖಾನೆ ಎಂಬ ಹೆಸರನ್ನು ಕಳೆದುಕೊಂಡಿತು. ಅದರ ಹಲ್ಲರು ಮಾತ್ರ ಒಂದು ಡೆಸಿಬೆಲ್ಲನ್ನೂ ಕಳೆದುಕೊಳ್ಳಲಿಲ್ಲ. ಹತ್ತಕ್ಕಿಂತ ಕಡಿಮೆ ಆಳುಗಳಿದ್ದರೆ ಸಾಮಾನ್ಯವಾಗಿ ಸಂಹಿತೆಯೇ ಅತ್ತ ತಿರುಗಿ ನೋಡುವುದಿಲ್ಲ. ಗುತ್ತಿಗೆದಾರನ ಪುಸ್ತಕದಲ್ಲಿ ಮೂರು ತಿಂಗಳಿಗೊಮ್ಮೆ ಹೆಸರು ಬದಲಾಗುವ ಲೋಡಿಂಗ್ ಆಳಿಗೆ ಯಾವ ತಪಾಸಣೆ, ಯಾವ ದಾಖಲೆ? ಕಿವಿ ಒಂದು ಧಣಿಯ ಬಳಿ ಕೆಡುತ್ತದೆ, ಎದೆ ಇನ್ನೊಂದು ಧಣಿಯ ಬಳಿ ನಿಲ್ಲುತ್ತದೆ, ಇಬ್ಬರೂ ಕೈತೊಳೆದುಕೊಳ್ಳುತ್ತಾರೆ.

ತಪಾಸಣೆ ಎಂದರೆ ಏನೆಂಬುದನ್ನೂ ಈಗಲೇ ಗಟ್ಟಿಮಾಡಿಕೊಳ್ಳಬೇಕು. ಇಲ್ಲವಾದರೆ ತೂಕ ನೋಡಿ, ಕಣ್ಣಿಗೆ ಟಾರ್ಚು ಬಿಟ್ಟು, ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಕಿವಿಯನ್ನು ಆಡಿಯೋಮೀಟರಿನಿಂದ, ನಿಶ್ಶಬ್ದವಾದ ಕೋಣೆಯಲ್ಲಿ ಅಳೆಯಬೇಕು. ಗದ್ದಲದ ಪೆಟ್ಟಾದರೆ 4,000 ಹರ್ಟ್ಸ್ ಎಂಬ ಏರುದನಿಯ ಬಳಿ ಗೆರೆ ಗುಂಡಿಗೆ ಬಿದ್ದಂತೆ ಇಳಿಯುತ್ತದೆ; ಆ ಗುಂಡಿಯೇ ಧಣಿಯ ಸಾಲಪತ್ರ. ತಗ್ಗು ಸ್ವರಗಳ ಕಡೆಗೂ ಗೆರೆ ಕುಸಿದಿದ್ದರೆ ರಕ್ತನಾಳದ ಮೇಲೆ ಅನುಮಾನಪಡಬೇಕು. ಅದೇ ದಿನ, ಅದೇ ಚೀಟಿಯಲ್ಲಿ ರಕ್ತದೊತ್ತಡ, ಸಕ್ಕರೆ, ಕೊಬ್ಬು ಬರೆಯಬೇಕು. ಅಗತ್ಯವಿದ್ದರೆ ಇಸಿಜಿ ತೆಗೆಯಬೇಕು. ಕೆಲಸಕ್ಕೆ ಸೇರಿದ ದಿನವೇ ಮೊದಲ ಪರೀಕ್ಷೆ ಆಗಬೇಕು. ಇಲ್ಲವಾದರೆ ‘ಇವನು ಬರುವಾಗಲೇ ಕಿವುಡ’ ಎಂದು ಪ್ರಮಾಣಮಾಡಲು ಹತ್ತು ಜನ ಸಿಗುತ್ತಾರೆ.

ದುಡ್ಡಿಲ್ಲವೆಂಬ ಮಾತನ್ನು ಮಾತ್ರ ಈ ಭಾಗದಲ್ಲಿ ಯಾವ ಅಧಿಕಾರಿಯೂ ಆಡಕೂಡದು. 2015ರ ತಿದ್ದುಪಡಿಯ ಮೇಲೆ ಪ್ರತಿಯೊಬ್ಬ ಗಣಿ ಗುತ್ತಿಗೆದಾರ ತನ್ನ ರಾಜಧನದ ಮೇಲೆ ನೂರಕ್ಕೆ ಹತ್ತು ಇಲ್ಲವೇ ಮೂವತ್ತರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಯಿಂದ ಬಾಧಿತರಾದವರ ನೀರು, ಆರೋಗ್ಯ, ಶಿಕ್ಷಣಗಳೇ ಆ ಹಣದ ಮೊದಲ ಹಕ್ಕುದಾರರು. ಅದರ ಮೇಲೆ, ಸುಪ್ರೀಂ ಕೋರ್ಟಿನ ಆದೇಶದಂತೆ ಕೂಡಿದ ಹಣದಿಂದ ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆ 24,000 ಕೋಟಿ ರೂಪಾಯಿಗೂ ಮೀರಿದ ಯೋಜನೆಯಿದೆ. ಇಷ್ಟು ಹಣದ ಮುಂದೆ ಸಂಡೂರು, ಹೊಸಪೇಟೆ, ಕಂಪ್ಲಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದೊಂದು ನಿಶ್ಶಬ್ದ ಕೋಣೆ, ಒಂದೊಂದು ಆಡಿಯೋಮೀಟರು, ಅದನ್ನು ನಡೆಸಲು ಒಬ್ಬೊಬ್ಬ ಕಾಯಂ ತಂತ್ರಜ್ಞ ಯಾವ ಲೆಕ್ಕ? ವಾಕ್-ಶ್ರವಣದ ತಜ್ಞರನ್ನು ತಯಾರಿಸುವ ದೇಶದ ದೊಡ್ಡ ಸಂಸ್ಥೆ 1965ರಿಂದಲೂ ನಮ್ಮ ಮೈಸೂರಿನಲ್ಲೇ ಇದೆ. ಮೈಸೂರಿನ ವಿದ್ಯೆ ಸಂಡೂರಿನ ಘಟ್ಟ ಹತ್ತಲು ಇನ್ನೆಷ್ಟು ವರ್ಷ ಬೇಕು?

ಹೃದಯದ ವಿಷಯದಲ್ಲಿ ಸರಕಾರ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನು ಮುಚ್ಚಿಡುವುದು ನಮ್ಮ ಜಾಯಮಾನವಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಎಂದು ಬಂದವರ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆದು ದೊಡ್ಡ ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಇದೆ. ಎದೆ ಹಿಡಿದುಕೊಂಡಾಗ, ಬೆವರು ಕಿತ್ತುಬಂದಾಗ, ಗ್ಯಾಸು ಎಂದು ಸೋಡಾ ಕುಡಿದು ಹೊತ್ತು ಕಳೆಯದೆ ನೆಟ್ಟಗೆ ಅಲ್ಲಿಗೆ ಹೋಗಿ. ಒಂದು ಕಿವಿ ಹಠಾತ್ತನೆ ಮುಚ್ಚಿಕೊಂಡರೂ ಹಾಗೆಯೇ: ಅದು ನೀರು ಹೋದದ್ದಿರಬಹುದೆಂದು ಎಣ್ಣೆ ಬಿಟ್ಟುಕೊಂಡು ಕೂಡಬೇಡಿ. ಮೊದಲ ಕೆಲವು ದಿನಗಳಲ್ಲಿ ಚಿಕಿತ್ಸೆಯಾದರೆ ಕೇಳಿಸುವಿಕೆ ಮರಳುವ ಸಂಭವ ಹೆಚ್ಚು. ಆದರೆ ಎದೆ ನಿಲ್ಲುವ ಹೊತ್ತಿಗೆ ಚುಚ್ಚುಮದ್ದು ಕೊಡುವ ಸರಕಾರ, ಅದಕ್ಕೆ ಹತ್ತು ವರ್ಷ ಮುಂಚೆ ಕಿವಿ ಕೊಟ್ಟ ಎಚ್ಚರಿಕೆಯನ್ನು ಬರೆದುಕೊಳ್ಳಲು ಒಂದು ರಿಜಿಸ್ಟರನ್ನಾದರೂ ತೆರೆಯಬಾರದೇ?

ಇಪ್ಪತ್ತಕ್ಕಿಂತ ಕಡಿಮೆ ಆಳುಗಳ ಗಿರಣಿ, ಕ್ರಷರುಗಳನ್ನೂ ಗದ್ದಲದ ವಿಷಯದಲ್ಲಿ ಕಾರ್ಖಾನೆಯೆಂದೇ ಎಣಿಸುವ ನಿಯಮವನ್ನು ರಾಜ್ಯ ಸರಕಾರ ಮಾಡಬೇಕು. ಕಿವಿ ಪರೀಕ್ಷೆಯ ಚೀಟಿಯ ಪ್ರತಿ ಕಾರ್ಮಿಕನ ಕೈಗೆ ಸಿಗಬೇಕು, ಕಚೇರಿಯ ಕಪಾಟಿಗಲ್ಲ. ಗುತ್ತಿಗೆದಾರ ಬದಲಾದರೂ ಆ ಚೀಟಿಯ ಬೆಲೆ ಬದಲಾಗಬಾರದು. ಕಿವಿ ಕೆಟ್ಟಿದೆಯೆಂದು ಬರೆಸಿಕೊಂಡವನನ್ನು ಕೆಲಸದಿಂದ ತೆಗೆಯಕೂಡದು. ಗದ್ದಲ ಕಡಿಮೆ ಇರುವ ಕಡೆಗೆ ಅದೇ ಸಂಬಳದ ಮೇಲೆ ಹಾಕಬೇಕು. ಈ ಕೊನೆಯದು ಇಲ್ಲದಿದ್ದರೆ ಉಳಿದುದೆಲ್ಲ ವ್ಯರ್ಥ, ಏಕೆಂದರೆ ಹೊಟ್ಟೆಯ ಭಯಕ್ಕೆ ನಮ್ಮವರು ಕೇಳಿಸದ ಶಬ್ದಕ್ಕೂ ‘ಕೇಳಿಸ್ತದ್ರೀ’ ಎಂದು ಕೈಯೆತ್ತಿಬಿಡುತ್ತಾರೆ.

ಪರೀಕ್ಷೆಗೆ ಹೋಗುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಪಾಳಿ ಮುಗಿಸಿ ನೆಟ್ಟಗೆ ಹೋದರೆ ಆ ದಿನದ ತಾತ್ಕಾಲಿಕ ಮಂದವೂ ಸೇರಿ ಲೆಕ್ಕ ತಪ್ಪುತ್ತದೆ, ಧಣಿಯ ವಕೀಲನಿಗೆ ಅದೇ ಬೇಕು. ಸುಮಾರು ಹದಿನಾರು ಗಂಟೆ ಗದ್ದಲದಿಂದ ದೂರವಿದ್ದು ಹೋಗಬೇಕು. ವಾರದ ರಜೆಯ ಮರುದಿನ ಬೆಳಿಗ್ಗೆ, ಪಾಳಿಗೆ ಮುಂಚೆ, ಸರಿಯಾದ ಹೊತ್ತು. ಆ ಹೊತ್ತಿನ ಕೂಲಿಯನ್ನು ಕಡಿಯುವಂತಿಲ್ಲವೆಂದು ಬರೆಹದಲ್ಲಿ ಕೇಳಿ ಪಡೆಯಿರಿ.